ಕೆರೆ ಏರಿಯ ಕಾಗೆ

ರಾಣೆಬೆನ್ನೂರಿನಲ್ಲಿ ನನ್ನದೊಂದು ಬೀಜದ ಅಂಗಡಿ ಇದೆ. ದಿನವಿಡೀ ಹತ್ತಿ, ಗೋವಿನಜೋಳ, ಮೆಣಸಿನ ಬೀಜದ ಪಾಕೀಟು ಮಾರುವ ಮನುಷ್ಯ ಬೆಳಗಾದರೆ ಹಕ್ಕಿಗಳ ಬೆನ್ನು ಹತ್ತುತ್ತಾನೆ ಎನ್ನುವುದು ನಮ್ಮ ಗಿರಾಕಿಗಳಿಗೆ ಬಗೆಹರಿಯದ ವಿಷಯ. "ನೀವು ಬೀಜ ಕೊಡ್ತೀರಿ, ಅವು ಬಂದು ಆರಿಸಿಕೊಂಡು ತಿಂತಾವ. ಮತ್ತ ಅವುಗಳ ಫೋಟೋ ಬ್ಯಾರೆ ತಗೀತೀರಿ" ಎಂದು ಐರಣಿ ಕಡೆಯ ರೈತರೊಬ್ಬರು ಅಂಗಡಿಯ ಮುಂದೆಯೇ ಹೇಳಿದ್ದರು.

ಇದಕ್ಕೆಲ್ಲ ಕಾರಣ ನಮ್ಮ ನಾಯಿ. ಮಗಳು ಬೀದಿಯಿಂದ ಎತ್ತಿಕೊಂಡು ಬಂದ ಮರಿ. ಬೆಳೆದ ಮೇಲೆ ಅದನ್ನು ಅಡ್ಡಾಡಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಅದು ಕಂಬಕ್ಕೊಮ್ಮೆ, ಕಂಟಿಗೊಮ್ಮೆ ನಿಲ್ಲುತ್ತದೆ. ಅದು ನಿಂತರೆ ನಾನೂ ನಿಲ್ಲಬೇಕು. ನಿಂತವನು ಎಷ್ಟಂತ ನಾಯಿಯನ್ನೇ ನೋಡುತ್ತಾನೆ? ಮೇಲೆ ನೋಡಿದೆ, ಆಚೀಚೆ ನೋಡಿದೆ. ಹಾಗೆ ನೋಡುತ್ತ ನೋಡುತ್ತ ತಂತಿಯ ಮೇಲೆ ಗತ್ತಿನಿಂದ ಕೂತದ್ದು ಕಳಿಂಗ, ಕೆಸರಿನಲ್ಲಿ ಬಾಲ ಕುಣಿಸುತ್ತ ಓಡುವುದು ಸಿಪಿಲೆ ಎಂದೆಲ್ಲ ತಿಳಿಯಿತು. ಆಮೇಲೆ ಕ್ಯಾಮೆರಾ ಬಂತು, ಅದರ ಹಿಂದೆ ಮೊಣಕೈ ಉದ್ದದ ಲೆನ್ಸು ಬಂತು. "ಅಂಗಡಿಗೆ ಹೋಗಾಕೂ ಹಿಂಗ ಲಗೂ ಏಳ್ರಿ, ನೋಡೂಣು" ಎಂದು ಹೆಂಡತಿ ಅನ್ನುತ್ತಲೇ ಇರುತ್ತಾಳೆ.

ಅಡ್ಡಾಡಲು ನನ್ನ ಜೋಡಿ ಬರುತ್ತಿದ್ದವರು ಪಕ್ಕದ ಮನೆಯ ಕಾಕಾ. ಗುತ್ತಲದ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಸಕ್ಕರೆ ಕಾಯಿಲೆ ಇದ್ದುದರಿಂದ ಡಾಕ್ಟರು ದಿನಾ ನಡೆಯಬೇಕು ಎಂದಿದ್ದರು. ಹಕ್ಕಿಗಳ ಬಗ್ಗೆ ಅವರಿಗೆ ಎಳ್ಳಷ್ಟೂ ಆಸಕ್ತಿ ಇರಲಿಲ್ಲ. ಸಣ್ಣದೆಲ್ಲ ಅವರಿಗೆ ಗುಬ್ಬಿ, ದೊಡ್ಡದೆಲ್ಲ ಹದ್ದು. ಚಳಿಗಾಲದಲ್ಲಿ ಎಲ್ಲಿಂದಲೋ ಹಾರಿ ಬಂದು ಕೆರೆಗೆ ಇಳಿಯುವ ಹೆಬ್ಬಾತುಗಳನ್ನು ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದರೆ, ಹಿಂದಿನಿಂದ ತುಂಬಿದ ಬಸ್ಸಿಗೆ ಕೇಳಿಸುವ ದನಿಯಲ್ಲಿ, "ತಮ್ಮಾ, ಇವು ಬಾತುಕೋಳಿ ಅಲ್ಲೇನು?" ಎನ್ನುತ್ತಿದ್ದರು. ಹೆಬ್ಬಾತುಗಳು ಎದ್ದು ಆಚೆ ದಂಡೆಗೆ ಹೋಗುತ್ತಿದ್ದವು. ನನಗೆ ಬರುತ್ತಿದ್ದ ಸಿಟ್ಟು ಅವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಕಾಕಾನ ಅಂಗಿಯ ಕಿಸೆಯಲ್ಲಿ ಯಾವಾಗಲೂ ಖಡಕ್ ರೊಟ್ಟಿ ಇರುತ್ತಿತ್ತು. ಕೆರೆ ಏರಿಯ ಮೇಲಿನ ಕಲ್ಲಿನ ಹತ್ತಿರ ಬಂದಕೂಡಲೇ ನಾಯಿ ಕೂತುಬಿಡುವುದು. ಕಾಕಾ ಮುರಿದು ಮುರಿದು ಹಾಕುವರು. ನಾಯಿ ತಿಂದು ಉದುರಿಸಿದ್ದನ್ನು ಆರಿಸಲು ಹಿಂದೆಯೇ ಒಂದು ಕಾಗೆ ಬರುವುದು. ಅದರ ರೆಕ್ಕೆಯ ಒಂದು ಗರಿ ಮುರಿದು ಹೊರಗೆ ಚಾಚಿಕೊಂಡಿತ್ತು. ಈ ಕಾಗೆಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ, ನಾನು ಏನು ತೆಗೆಯಲು ಹೋದರೂ ನಡುವೆ ಹಾಯುತ್ತಿತ್ತು. "ಅದರದ ತಗಿಯಲ್ಲ ತಮ್ಮಾ. ಪುಕ್ಕಟೆ ನಿಂತೈತಿ" ಎಂದು ಕಾಕಾ ಕಾಡಿಸುತ್ತಿದ್ದರು. ಇಷ್ಟು ದೊಡ್ಡ ಲೆನ್ಸು ತಂದು ಕಾಗೆಯ ಫೋಟೋ ತೆಗೆಯುವ ದರಿದ್ರ ನನಗೇನೂ ಬಂದಿಲ್ಲ ಎಂದುಕೊಳ್ಳುತ್ತಿದ್ದೆ.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಎಂದಿನಂತೆ ಹೋಗಿ ಬಂದೆವು. ಕೆರೆಯ ಅಂಚಿನಲ್ಲಿ ಹಳದಿ ಸಿಪಿಲೆಯೊಂದು ಬಹಳ ಹತ್ತಿರ ಸಿಕ್ಕಿತ್ತು. ಕ್ಯಾಮೆರಾ ಅದನ್ನು ಬಿಟ್ಟು ಬೇರೇನನ್ನೋ ಹಿಡಿಯಿತು, ಹಕ್ಕಿ ಹಾರಿತು, ನಾನು ಬೈದುಕೊಳ್ಳುತ್ತ ಮನೆಗೆ ಬಂದೆ. ಮಧ್ಯಾಹ್ನ ಉಂಡು ಮಲಗಿದ ಕಾಕಾ ಏಳಲಿಲ್ಲ.

ಬ್ಯಾಡಗಿಗೆ ಕೊಟ್ಟ ಅವರ ಮಗಳು ಸಂಜೆ ಬಂದಳು. ಅತ್ತು ಅತ್ತು ದನಿ ಬಿದ್ದು ಹೋಗಿತ್ತು. "ಅಣ್ಣಾರ, ಅಪ್ಪಂದು ಒಂದು ಚಲೋ ಫೋಟೋ ಇದ್ರ ಕೊಡ್ರಿ. ದಿನಾ ಜೋಡಿ ಹೋಗ್ತಿದ್ರಿ, ನಿಮ್ಮ ಹತ್ರ ಇರ್ತಾವ" ಎಂದಳು. ಮನೆಗೆ ಬಂದು ಕಂಪ್ಯೂಟರ್ ತೆರೆದು ಕೂತೆ. ಕಳಿಂಗ ಇತ್ತು, ಕಳ್ಳಿಪೀರ ಇತ್ತು, ಮಿಂಚುಳ್ಳಿ ಮೀನು ನುಂಗುವುದು ಇತ್ತು. ಕಾಕಾ ಇರಲಿಲ್ಲ. ಒಂದರಲ್ಲಿ ಅವರ ಚಪ್ಪಲಿ, ಇನ್ನೊಂದರಲ್ಲಿ ಮಫ್ಲರಿನ ತುದಿ. ಬೇಡವೆಂದರೂ ಸಿಕ್ಕಿದ್ದು ಆ ಕಾಗೆ. ನಾಯಿ ಇದ್ದಲ್ಲೆಲ್ಲ ಅದರ ಹಿಂದೆ ಕಾಗೆ ಇತ್ತು. ಇಷ್ಟು ವರ್ಷ ಜೊತೆಗೆ ನಡೆದ ಮನುಷ್ಯನ ಮುಖ ಒಂದು ಸಲವೂ ತೆಗೆದಿಲ್ಲವಲ್ಲ ಎಂದು ನಾಚಿಕೆಯಾಯಿತು. ಕೊನೆಗೆ ಅವರ ಕಂಡಕ್ಟರ್ ಗುರುತಿನ ಚೀಟಿಯ ಫೋಟೋವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದರು.

ಮೂರನೆಯ ದಿನ ಕೆರೆ ಏರಿಯ ಹಿಂದಿನ ಸ್ಮಶಾನದಲ್ಲಿ ಎಡೆ ಇಟ್ಟರು. ಅನ್ನ, ಹೋಳಿಗೆ, ಬದನೆಕಾಯಿ ಪಲ್ಯ, ಡಾಕ್ಟರು ಬಿಡಿಸಿದ್ದ ಸಕ್ಕರೆ ಹಾಕಿದ ಚಹ. ಕಾಗೆ ಬಂದು ಮುಟ್ಟಿದರೆ ಸತ್ತವರಿಗೆ ಸಮಾಧಾನ ಆಯಿತೆಂದು ಅರ್ಥ, ಆಮೇಲೆಯೇ ಮನೆಯವರು ಊಟ ಮಾಡುವುದು. ಬೇವಿನ ಮರದ ತುಂಬ ಕಾಗೆಗಳಿದ್ದವು. ಕೂಗಿದವು, ಕೊಂಬೆಯಿಂದ ಕೊಂಬೆಗೆ ಹಾರಿದವು, ಕೆಳಗೆ ಮಾತ್ರ ಬರಲಿಲ್ಲ. ನಾವೆಲ್ಲ ಹಿಂದೆ ಸರಿದು ನಿಂತೆವು. ಕುಪ್ಪೇಲೂರಿನಿಂದ ಬಂದಿದ್ದ ಕಾಕಾನ ತಮ್ಮ ಕೈಮುಗಿದು, "ಅಣ್ಣಾ, ನಿನ್ನ ಮಗಳಿಗೆ ನಾವು ಏನೂ ಕಡಿಮಿ ಮಾಡಂಗಿಲ್ಲ, ಬಾ" ಎಂದರು. ಬೀಗರೂ ಮುಂದೆ ಬಂದು ಏನೋ ಮಾತು ಕೊಟ್ಟರು. ಬಿಸಿಲು ಏರಿತು. ಕಾಕಾನ ಮನಸ್ಸಿನಲ್ಲಿ ಏನೋ ಕೊರತೆ ಉಳಿದಿದೆ ಎಂದು ಗುಸುಗುಸು ಶುರುವಾಯಿತು. "ಇಲ್ಲಿ ಆಗಂಗಿಲ್ಲ, ಎಡಿ ತಗೊಂಡು ಕುಪ್ಪೇಲೂರಿನ ಹೊಲಕ್ಕ ಹೋಗೂಣು" ಎಂದು ತಮ್ಮ ಅವಸರ ಮಾಡತೊಡಗಿದರು.

ಕಾಕಾನ ಹೆಂಡತಿ, ನಮ್ಮ ಕಾಕು, ಒಂದು ಕಡೆ ಕೂತಿದ್ದರು. ನನ್ನನ್ನು ಹತ್ತಿರ ಕರೆದರು.

"ಅವರು ಬರಂಗಿಲ್ಲ ತಮ್ಮಾ. ನನ್ನ ಮ್ಯಾಲೆ ಸಿಟ್ಟಾಗಿ ಹೋಗ್ಯಾರ."

"ಹಂಗ್ಯಾಕ ಅಂತೀರಿ ಕಾಕು?"

"ಮಗಳಿಗೆ ಕಳಸಾಕ ಅಂತ ಎಳ್ಳು ಹಚ್ಚಿ ಸಜ್ಜಿ ರೊಟ್ಟಿ ಮಾಡಿದ್ದೆ. ಇವನ್ನೂ ನಾಯಿಗೆ ಹಾಕಿ ಖಾಲಿ ಮಾಡ್ತೀರಿ ಅಂತ ಅವತ್ತು ಬೆಳಿಗ್ಗೆ ಬಾಯಿಗೆ ಬಂದಂಗ ಬೈದೆ. ಜ್ವಾಳದ ರೊಟ್ಟಿ ತೀರಿದ್ದವು. ಸಜ್ಜಿ ರೊಟ್ಟಿ ಡಬ್ಬಿ ಟ್ರಂಕಿನಾಗ ಮುಚ್ಚಿಟ್ಟೆ. ಬರಿಗೈಲೆ ಹೊಂಟು ಹೋದ್ರು. ಬಂದ ಮ್ಯಾಲೂ ಮಾತಿಲ್ಲ, ನನ್ನ ಮಾರಿ ಸೈತ ನೋಡಲಿಲ್ಲ. ಸುಮ್ನ ಉಂಡು ಮಲಗಿದ್ರು. ಒಂದು ರೊಟ್ಟಿಗೆ ಇಷ್ಟು ಮಾಡಿದೆ ನೋಡು ನಾನು."

ಆ ಬೆಳಿಗ್ಗೆ ಕಾಕಾ ನಾಯಿಗೆ ಏನಾದರೂ ಹಾಕಿದರೇ, ಇಲ್ಲವೇ? ನನಗೆ ನೆನಪೇ ಇರಲಿಲ್ಲ, ನನ್ನ ಕಣ್ಣು ಸಿಪಿಲೆಯ ಮೇಲಿತ್ತು. ಆದರೆ ಕಂಪ್ಯೂಟರಿನಲ್ಲಿ ಕಂಡ ಕಾಗೆ ನೆನಪಾಯಿತು. ಗಾಡಿ ಹತ್ತಿ ಮನೆಗೆ ಹೋಗಿ ನಾಯಿಯನ್ನು ಕರೆದುಕೊಂಡು ಬಂದೆ.

"ಎಡಿ ಇಟ್ಟಲ್ಲಿ ನಾಯಿ ತರ್ತಾರೇನ್ರೀ?" ಎಂದು ಕಾಕಾನ ತಮ್ಮ ನನ್ನ ಮೈಮೇಲೆ ಏರಿಬಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಚೈನು ಕೈಗೆ ಸುತ್ತಿಕೊಂಡು, ಎಡೆಯಿಂದ ಆಚೆ ನಾಯಿಯನ್ನು ಕೂರಿಸಿದೆ. ಅದು ಗುಂಪಿನಲ್ಲಿ ಒಬ್ಬೊಬ್ಬರ ಮುಖ ನೋಡುತ್ತ ಬಾಲ ಆಡಿಸಿತು, ಮತ್ತೆ ಸುಮ್ಮನಾಯಿತು. ಅದು ಯಾರನ್ನು ಹುಡುಕುತ್ತಿದೆ ಎಂದು ನನಗೆ ಗೊತ್ತಿತ್ತು. ಅಷ್ಟರಲ್ಲಿ ಮುರಿದ ಗರಿಯ ಕಾಗೆ ಮರದಿಂದ ಇಳಿದು ನಾಯಿಯ ಹಿಂದೆ ಬಂದು ಕೂತಿತು. ನೆಲ ನೋಡಿತು, ಏನೂ ಇರಲಿಲ್ಲ. ಕುಪ್ಪಳಿಸುತ್ತ ಎಡೆಯ ಕಡೆ ಹೋಗಿ ಹೋಳಿಗೆ ಕಚ್ಚಿತು. ಅದನ್ನು ನೋಡಿ ಉಳಿದವೂ ಇಳಿದವು.

ಎಲ್ಲರೂ ಕೈಮುಗಿದರು. ಕಾಕಾನ ತಮ್ಮ ನಾಯಿಯ ತಲೆ ಮುಟ್ಟಿ ನಮಸ್ಕಾರ ಮಾಡಿದರು. ಊಟಕ್ಕೆ ಹೊರಡುವ ಗಡಿಬಿಡಿಯಲ್ಲಿ ನಾನು ಕಾಕುವಿನ ಹತ್ತಿರ ಹೋಗಿ, "ಆತಲ್ಲ ಕಾಕು, ಏಳ್ರಿ ಇನ್ನ" ಎಂದೆ.

"ಅದು ನಾಯಿ ನೋಡಿ ಬಂತು" ಎಂದರು ಅವರು, ಮೆಲ್ಲಗೆ. "ನನಗ ಅಷ್ಟೂ ತಿಳಿಯಂಗಿಲ್ಲೇನು? ಅವರ ಸಿಟ್ಟು ಅಲ್ಲೇ ಐತಿ."

ಅವರು ಆ ದಿನ ಎರಡು ತುತ್ತು ಉಂಡರಂತೆ. ಮರುದಿನವೂ ಅಷ್ಟೇ ಎಂದು ಅವರ ಮಗಳು ನನ್ನ ಹೆಂಡತಿಗೆ ಹೇಳಿದಳು. ಅವರಿಗೂ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಕಷ್ಟ. ಎಲ್ಲರೂ ಹೇಳಿ ಹೇಳಿ ಸೋತರು.

ಅದಾದ ಮೇಲೆ ಒಂದು ಬೆಳಿಗ್ಗೆ ಮತ್ತೆ ಕೆರೆಗೆ ಹೋಗೋಣವೆಂದು ಕ್ಯಾಮೆರಾ ತೆಗೆದೆ. ಕಾಕಾ ಹೋದ ದಿನದ ಫೋಟೋಗಳು ಅದರಲ್ಲೇ ಇದ್ದವು, ಕಂಪ್ಯೂಟರಿಗೆ ಹಾಕಿಯೇ ಇರಲಿಲ್ಲ. ಎಂದಿನಂತೆ ಕೆಟ್ಟವನ್ನು ಅಳಿಸುತ್ತ ಹೋದೆ. ಸಿಪಿಲೆಯ ಫೋಟೋ ಬಂತು. ಹಕ್ಕಿ ಬರೀ ಹಳದಿ ಕಲೆ, ಪೂರಾ ಮಸುಕು. ಅದರ ಈಚೆ, ಚೌಕಟ್ಟಿನ ಅಂಚಿನಲ್ಲಿ ಒಂದು ಕೈ ನಿಚ್ಚಳವಾಗಿ ಬಿದ್ದಿತ್ತು. ಉಬ್ಬಿದ ನರ, ತಾಮ್ರದ ಉಂಗುರ, ಬೆರಳುಗಳ ನಡುವೆ ರೊಟ್ಟಿಯ ತುಂಡು. ಅಳಿಸುವ ಗುಂಡಿಯ ಮೇಲಿದ್ದ ಬೆರಳನ್ನು ತೆಗೆದೆ. ಕ್ಯಾಮೆರಾ ಹಿಡಿದುಕೊಂಡು ಪಕ್ಕದ ಮನೆಗೆ ನಡೆದೆ.

ಕಾಕು ಕಟ್ಟೆಯ ಮೇಲೆ ಕೂತಿದ್ದರು. ಚಷ್ಮಾ ಹಾಕಿಕೊಂಡು ಕ್ಯಾಮೆರಾದ ಪರದೆ ನೋಡಿದರು. ಫೋಟೋವನ್ನು ದೊಡ್ಡದು ಮಾಡಿ ತೋರಿಸಿದೆ.

"ಇದು ಎಂದಿಂದು?"

"ಅವತ್ತಿಂದು ಕಾಕು. ಬೆಳಿಗ್ಗಿಂದು."

ಅವರು ಬಹಳ ಹೊತ್ತು ನೋಡಿದರು. ರೊಟ್ಟಿಯ ಮೇಲೆ ಬೆರಳಿಟ್ಟು, "ಎಳ್ಳು ಅದಾವ" ಎಂದರು. ಎದ್ದು ಒಳಗೆ ಹೋದರು. ಮಂಚದ ಕೆಳಗಿನಿಂದ ಟ್ರಂಕು ಎಳೆಯುವ ಸದ್ದು, ಡಬ್ಬಿಯ ಮುಚ್ಚಳ ತೆರೆಯುವ ಸದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಅಂಗಳದಲ್ಲಿದ್ದ ಅವರ ಮಗಳು ಗಾಬರಿಯಾಗಿ ಒಳಗೆ ಓಡುವಷ್ಟರಲ್ಲಿ ಕಾಕು ತಾವೇ ಡಬ್ಬಿ ಹಿಡಿದು ಹೊರಗೆ ಬಂದರು. ಡಬ್ಬಿ ಅರ್ಧಕ್ಕೆ ಇಳಿದಿತ್ತು.

"ಅದಕ್ಕ ಬಂದ ಮ್ಯಾಲೆ ಬಾಯಿ ಬಿಡಲಿಲ್ಲ. ಅದಕ್ಕ ನನ್ನ ಮಾರಿ ನೋಡಲಿಲ್ಲ" ಎಂದರು. ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಸಿಟ್ಟಲ್ಲ ತಮ್ಮಾ ಅದು. ಕಳುವು ಮಾಡಿದ್ರು, ಕಳ್ಳ."

ಕಟ್ಟೆಯ ಮೇಲೆ ಕೂತು ಒಂದು ರೊಟ್ಟಿ ತೆಗೆದು ಮುರಿದರು. ಅರ್ಧ ನಮ್ಮ ನಾಯಿಗೆಂದು ನನ್ನ ಕೈಗೆ ಕೊಟ್ಟು, ಉಳಿದ ಅರ್ಧ ತಾವು ತಿನ್ನತೊಡಗಿದರು.