ಇಮಾಮ್ ಬೀ ಕಾಯ್ದ ಕಲ್ಲು

ರಾಯಚೂರಿಗೆ ಬಂದ ಮೊದಲ ವಾರದಲ್ಲೇ ನನಗೆ ತಿಳಿಯಿತು: ಹತ್ತಿ ಗಿರಣಿಯಲ್ಲಿ ತೂಕದ ಚೀಟಿ ಬರೆಯುವ ಗುಮಾಸ್ತನಾದ ನನಗಿಂತ ಓಣಿಯಲ್ಲಿ ನನ್ನ ಕಲ್ಲಿಗೇ ಮರ್ಯಾದೆ ಹೆಚ್ಚು. ಎರಡು ದಿನಕ್ಕೊಮ್ಮೆ, ಒಂದು ತಾಸು ಮಾತ್ರ ನೀರು ಬಿಡುವ ನಲ್ಲಿಯ ಮುಂದೆ ಎಲ್ಲರೂ ನಸುಕಿನಲ್ಲೇ ಒಂದೊಂದು ಕಲ್ಲಿಟ್ಟು ಮನೆಗೆ ಹೋಗುತ್ತಿದ್ದರು. ನೀರು ಬಂದಾಗ ಕಲ್ಲಿದ್ದ ಜಾಗಕ್ಕೆ ಕೊಡ ಬರಬೇಕು. ಇದನ್ನೆಲ್ಲ ಕಾಯುತ್ತಿದ್ದವಳು ಎದುರಿಗೇ ಬಳೆ ಅಂಗಡಿ ಇಟ್ಟಿದ್ದ ಇಮಾಮ್ ಬೀ. ಆ ಕೆಲಸಕ್ಕೆ ಆಕೆಯನ್ನು ಯಾರೂ ನೇಮಿಸಿರಲಿಲ್ಲ. ಬಿಡಿಸುವ ಧೈರ್ಯವೂ ಯಾರಿಗೂ ಇರಲಿಲ್ಲ. ಗಂಡ ತೀರಿದ ಮೇಲೆ ಒಬ್ಬಳೇ ನಾಲ್ಕು ಹೆಣ್ಣುಮಕ್ಕಳ ನಿಕಾಹ್ ಮಾಡಿದವಳು. ಮೂವತ್ತು ಕಲ್ಲುಗಳಲ್ಲಿ ಯಾವುದು ಯಾರದೆಂದು ನೆನಪಿಡುವುದು ಆಕೆಗೆ ಯಾವ ದೊಡ್ಡ ಮಾತು.

೧೯೭೯ರ ಬೇಸಿಗೆಯ ಒಂದು ಭಾನುವಾರ. ಗಿಲ್ಲೆಸುಗೂರಿನಿಂದ ಹೆಣ್ಣಿನ ತಂದೆ ಹನುಮಂತ್ರಾಯ ಹತ್ತು ಗಂಟೆಗೆ ನನ್ನನ್ನು ನೋಡಲು ಬರುತ್ತಾರೆಂದು ನಮ್ಮ ಹಳ್ಳಿ ಕಲ್ಲೂರಿನಿಂದ ಅವ್ವ ಹೇಳಿಕಳಿಸಿದ್ದಳು. ಎರಡು ಸಂಬಂಧ ಆಗಲೇ ತಪ್ಪಿದ್ದವು. ಇದೂ ತಪ್ಪಿದರೆ ತಾನೇ ಬಂದು ನನ್ನ ಕೋಣೆಯಲ್ಲಿ ಇರುವುದಾಗಿಯೂ ಬೆದರಿಸಿದ್ದಳು. ಎಂಟಕ್ಕೆ ಅರ್ಧ ದಾಡಿ ಆಗುವಷ್ಟರಲ್ಲಿ ಕೋಣೆಯಲ್ಲಿದ್ದ ನೀರು ಮುಗಿಯಿತು. ಅಷ್ಟರಲ್ಲೇ ನೀರು ಬಂತೆಂದು ನಲ್ಲಿಯ ಕಡೆ ಗದ್ದಲ ಕೇಳಿಸಿತು. ಒಂದು ಕೆನ್ನೆಯ ಸಾಬೂನು ಹಾಗೇ ಇರಲು, ಲುಂಗಿ ಎತ್ತಿ ಕಟ್ಟಿ ಕೊಡ ಹಿಡಿದು ಓಡಿದೆ.

ಐದನೆಯ ಜಾಗದಲ್ಲಿ ನನ್ನ ಕಲ್ಲಿರಲಿಲ್ಲ. ಇಮಾಮ್ ಬೀ ಯಾರಿಗೋ ಬಳೆ ತೊಡಿಸುತ್ತಿದ್ದಾಗ ಯಾರೋ ಹಿರಿಯರು ಅದನ್ನು ಬೇವಿನ ನೆರಳಿಗೆ ಎತ್ತಿಕೊಂಡು ಹೋಗಿ, ಅದರ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

“ಏಳ್ರಿ, ನನ್ನ ಪಾಳಿ ಮ್ಯಾಗ ಕುಂತೀರಿ.”

“ಕಲ್ಲಿನ ಮ್ಯಾಗ ಕುಂತೀನಪಾ. ಪಾಳಿ ಎಲ್ಲದ?”

ಹಳ್ಳಿಯವರಿಗೆ ಪಟ್ಟಣದ ರೀತಿ ತಿಳಿಯುವುದಿಲ್ಲವೆಂದು ನಾನು ಸಣ್ಣದೊಂದು ಭಾಷಣವನ್ನೇ ಮಾಡಿದೆ. ನಾನು ಕಲ್ಲೂರು ಬಿಟ್ಟು ಆಗಿನ್ನೂ ಹತ್ತು ತಿಂಗಳಾಗಿತ್ತು.

ಇಮಾಮ್ ಬೀ ಅಂಗಡಿಯಿಂದ ಇಳಿದು ಬಂದಳು. ಇಬ್ಬರ ಮಾತನ್ನೂ ಕೇಳಿ ನನ್ನ ಕೊಡವನ್ನು ಕಿತ್ತು ಹಿರಿಯರ ಕೈಗಿಟ್ಟಳು. “ಕಲ್ಲು ಸರಿಸಿದವರೇ ಕಲ್ಲಿನ ಜಾಗದಾಗ ನಿಂದ್ರಬೇಕ್ರೀ. ಇದು ನಮ್ಮ ಓಣಿ ಕಾಯ್ದೆ.”

ಅವರು ಎಲೆ ಬಾಯಿಗಿಟ್ಟುಕೊಂಡು ಐದನೆಯವರಾಗಿ ನಿಂತರು. ಯಾವ ಊರೆಂದು ಆಕೆ ವಿಚಾರಿಸಿದಳು. ಗಿಲ್ಲೆಸುಗೂರು ಎಂದರು. ಗಿರಣಿಯ ಗುಮಾಸ್ತನೊಬ್ಬನಿಗೆ ಮಗಳನ್ನು ಕೊಡುವ ಮಾತಿದೆಯಂತೆ. ಹುಡುಗ ತಯಾರಾಗುವ ಮೊದಲೇ ಹೇಗಿರುತ್ತಾನೋ ನೋಡೋಣವೆಂದು ಮೊದಲ ಬಸ್ಸಿಗೇ ಬಂದರಂತೆ.

ನನ್ನ ಕೆನ್ನೆಯ ಸಾಬೂನು ಬಿಸಿಲಿಗೆ ಒಣಗಿ ಬಿರಿಯಿತು.

“ಆ ಹುಡುಗ ಹೆಂಗ್ರೀ, ಯವ್ವಾ?” ಎಂದು ಅವರು ಆಕೆಯನ್ನು ಕೇಳಿದರು.

ಇಮಾಮ್ ಬೀ ನನ್ನನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿದಳು. “ಸೋಮಾರಿ ಅದಾನ. ಕಲ್ಲಿಟ್ಟು ಹೋಗಿ ಮತ್ತ ಮಲಗ್ತಾನ. ಬಾಯಿ ಜೋರು. ಆದ್ರ ಒಂದು ದಿನಾನೂ ಇನ್ನೊಬ್ಬರ ಕಲ್ಲು ಸರಿಸಿಲ್ಲ. ಅವನ ಕೊಡಾನ ನಿಮ್ಮ ಕೈಯಾಗದ, ನೋಡ್ರಿ.”

ಸರಿಸಬೇಕೆಂದರೆ ಆ ಹೊತ್ತಿಗೆ ಕಣ್ಣಾದರೂ ತೆರೆದಿರಬೇಕಲ್ಲ ಎಂಬುದನ್ನು ನಾನು ಹೇಳಲಿಲ್ಲ.

ಹನುಮಂತ್ರಾಯ ಕೊಡ ನೋಡಿದರು, ನನ್ನ ಅರ್ಧ ಮುಖ ನೋಡಿದರು. ಪಾಳಿ ಬಂದಾಗ ನೀರು ತುಂಬಿ ನನ್ನ ಹೆಗಲಿಗೇರಿಸಿದರು. “ಉಳಿದ ದಾಡಿ ಮುಗಿಸಿ ಚಾಕ್ಕ ನೀರಿಡು. ಇನ್ನೊಂದು ಕೊಡ ಕಳಿಸು, ನಾ ಇಲ್ಲೇ ನಿಂದರ್ತೀನಿ.”

“ಒಂದು ಕಲ್ಲಿಗೆ ಒಂದೇ ಕೊಡ,” ಎಂದಳು ಇಮಾಮ್ ಬೀ. “ಕಡೀಗ ಹೋಗ್ರಿ, ಮಾವನೋರೇ.”

ಆಕೆ ಹಾಗೆ ಕರೆದದ್ದನ್ನು ಅವರು ತಿದ್ದಲಿಲ್ಲ. ಬೇವಿನ ಕೆಳಗಿದ್ದ ನನ್ನ ಕಲ್ಲನ್ನು ಎತ್ತಿ ಬಗಲಲ್ಲಿಟ್ಟುಕೊಂಡು ಸಾಲಿನ ಕೊನೆಗೆ ನಡೆದರು.