ಬೆರಳಗಲದ ಚಿತ್ರದಲ್ಲಿ ಇಡೀ ಮನೆತನ

ಮುದ್ದೇಬಿಹಾಳದ ಸೈಬರ್ ಕೆಫೆಯಲ್ಲಿ ನಮಗೆ ಫೋಟೋಶಾಪ್ ಕಲಿಸಿದ ಮಾಸ್ತರರು ಮೊದಲು ಊರ ಮುಖಂಡರ ಮುಖಗಳನ್ನೆಲ್ಲ ತುಂಬಿಸಿ ಬ್ಯಾನರ್ ಮಾಡುತ್ತಿದ್ದವರು. ಕನ್ನಡಕವನ್ನು ಹಣೆಗೇರಿಸಿ, "ಯಾರನ್ನೂ ಬಿಡಬ್ಯಾಡ್ರಿ, ಸಿಟ್ಟಾಗ್ತಾರ" ಎನ್ನುತ್ತಲೇ ಇರುತ್ತಿದ್ದರು.

ಇಂಟರ್ನೆಟ್ಟಿನ ಹರಟೆಕಟ್ಟೆಯಾದ ಕ್ರಿಕೆಟ್ ಫೋರಮ್ಮಿನಲ್ಲಿ ನನ್ನ ಪ್ರತಿ ಬರಹದ ಕೆಳಗೆ ಸಹಿಯಂತೆ ಹಾಕಲು ಬೆರಳಗಲದ ಸಿಗ್ನೇಚರ್ ಚಿತ್ರ ಬೇಕಿತ್ತು. ಮಾಸ್ತರರು ಅದರಲ್ಲಿ ಅಜ್ಜ, ಕಾಕಾ, ಸೋದರಮಾವ ಎಲ್ಲರನ್ನೂ ಕೂರಿಸಿದರು. ಚಿತ್ರ ಬಹಳ ದೊಡ್ಡದು, ಚಿಕ್ಕದು ಮಾಡದಿದ್ದರೆ ಹೊರಗೆ ಹಾಕುತ್ತೇವೆಂದು ಫೋರಮ್ಮಿನವರು ಎಚ್ಚರಿಸಿದರು. ದಿನವೂ ಹರಟುವ ಗೆಳೆಯರೆಲ್ಲ ಅಲ್ಲೇ ಇದ್ದರು. ನನಗೆ ಅಳುವೇ ಬಂತು.

ಮಾಸ್ತರರು ಒಬ್ಬರನ್ನೂ ತೆಗೆಯದೆ ಎಲ್ಲರನ್ನೂ ಸಾಸಿವೆಕಾಳಿನಷ್ಟು ಮಾಡಿದರು. ಅಷ್ಟರಲ್ಲಿ ನೋಡಲು ಬಂದ ಅಜ್ಜ ಪರದೆಗೆ ಮೂಗು ತಾಗಿಸಿ, "ನನ್ನ ಮೀಸಿ ಎಲ್ಲೈತ್ರಿ ಮಾಸ್ತರ?" ಎಂದ.

"ತಡೀರಿ ಯಜಮಾನ್ರ" ಎಂದು ಮಾಸ್ತರರು ಮೀಸೆ ಹಿಗ್ಗಿಸಿದರು. ಅದರ ಜೊತೆ ಚಿತ್ರವೂ ಹಿಗ್ಗಿತು. ಅಜ್ಜನ ಮುಂದೆ ಬೇಡವೆನ್ನಲಾಗದೆ ಅದನ್ನೇ ಫೋರಮ್ಮಿಗೆ ಹಾಕಿದೆ.

ಫೋರಮ್ಮಿನವರು ಸಂಜೆಯೇ ನನ್ನನ್ನು ಹೊರಗೆ ಹಾಕಿದರು. ನಾನು ಹೋಗಿ ಹೇಳಿದಾಗ ಮಾಸ್ತರರು ನಿಜಕ್ಕೂ ನೊಂದುಕೊಂಡರು: "ಅವರ ಮನ್ಯಾಗ ಹಿರ್‍ಯಾರಽ ಇಲ್ಲೇನೋ ತಮ್ಮಾ?"