ಆಯಿಯ ಸೆರಗಿನ ತುಪ್ಪಳ

ಆಯಿಯ ಸೆರಗಿಗೆ ಯಾವಾಗಲೂ ಕೋಳಿಯ ಒಂದೆರಡು ಬಿಳಿ ತುಪ್ಪಳ ಅಂಟಿಕೊಂಡಿರುತ್ತಿದ್ದವು. ಮುದ್ದೇಬಿಹಾಳದ ನಮ್ಮ ಹಿತ್ತಲಗೋಡೆಯಾಚೆ ಇದ್ದ ಕುರಿಗಾರರ ಮನೆತನದ ಒಂಟಿ ಮುದುಕಿ, ಓಣಿಗೆಲ್ಲ ಆಯಿ. ಮುಂಜಾನೆ ಕೋಳಿಗಳಿಗೆ ನುಚ್ಚು ಚೆಲ್ಲಿ, ಒಂದನ್ನು ಹಿಡಿದು ಎದೆಗೆ ಉಫ್ ಎಂದು ಊದುತ್ತಿದ್ದಳು. ಮೇಲಿನ ಗರಿ ಸರಿದು ಒಳಗಿನ ತುಪ್ಪಳ ಕಂಡರೆ, "ದಟ್ಟ ಐತಿ. ಈ ಸಲ ಚಳಿ ಜೋರು" ಅನ್ನುತ್ತಿದ್ದಳು. ಈಚೆ ನಮ್ಮ ಅತ್ತೆ, ಹಾರಿಬಂದ ಗರಿಗಳನ್ನು ಮೂಗು ಮುರಿಯುತ್ತ ಗುಡಿಸುತ್ತಿದ್ದರು. ತತ್ತಿಯ ಹೆಸರೂ ಎತ್ತದ ಮನೆ ನಮ್ಮದು. ಮಾತೆಲ್ಲ ಗೋಡೆಯ ಮೇಲೆಯೇ. ಆಯಿ ಎಂದೂ ದಾಟಿ ಬಂದವಳಲ್ಲ.

ಆ ಮುಂಜಾನೆಯೂ ಹಾಗೇ ಶುರುವಾಗಿತ್ತು. ಒಲೆಯ ಮೇಲೆ ಚಹಾ, ಅತ್ತೆಯ ಕೈಯಲ್ಲಿ ಕಸಬರಿಗೆ. ಯಜಮಾನರು ಮೊದಲ ಬಸ್ಸಿಗೆ ಸಿಂದಗಿಗೆ ಹೋಗಿದ್ದರು. ನಾನು ಒಂಬತ್ತು ದಿನದ ಮಗಳನ್ನು ಹಾಲಿಗೆ ಎತ್ತಿಕೊಂಡೆ. ನಾನು ತವರಿಗೆ ಹೋಗುವ ಮೊದಲೇ, ದಿನ ತುಂಬದೆ ಹುಟ್ಟಿದ ಕೂಸು. ಬಾಯಿ ತೆರೆಯಲಿಲ್ಲ. ಪಾದ ಮುಟ್ಟಿದೆ, ಹಿತ್ತಲ ಕಲ್ಲಿನಂತೆ ತಣ್ಣಗಿತ್ತು.

ಒಂದು ಕೌದಿ ಹೊದಿಸಿದೆ. ಇನ್ನೊಂದು ತಂದು ಬಿಗಿಯಾಗಿ ಸುತ್ತಿದೆ. ಪಾದ ತಣ್ಣಗೇ ಇತ್ತು. ಅಳುವೂ ಇಲ್ಲ. ಅತ್ತೆ ಡಾಕ್ಟರನ್ನು ಕರೆಯಲು ಬರಿಗಾಲಲ್ಲೇ ಓಡಿದರು. ಕೂಸಿನ ಮೂಗಿನ ಕೆಳಗೆ ಬೆರಳಿಟ್ಟೆ. ಉಸಿರಿದೆಯೋ ಇಲ್ಲವೋ ತಿಳಿಯಲಿಲ್ಲ.

"ಆಯೀ!" ಎಂದು ಚೀರಿದೆ.

ಆ ವಯಸ್ಸಿನಲ್ಲಿ ಗೋಡೆ ಹೇಗೆ ಹತ್ತಿದಳೋ! ಬಂದವಳೇ ಕೌದಿಗಳನ್ನು ಕಿತ್ತು ಒಗೆದಳು.

"ಬಿಚ್ಚಬ್ಯಾಡ ಆಯಿ, ಮೊದಲಽ ತಣ್ಣಗಾಗೇತಿ!"

"ಕೌದಿಗೆ ಬಿಸಿ ಎಲ್ಲಿಂದ ಬರಬೇಕವ್ವಾ? ಒಳಗಿದ್ದರ ಹಿಡಿದಿಟ್ಟೀತು. ಈ ಕೂಸಿನ ಒಳಗಽ ಇಲ್ಲ. ಕಾವಿಗೆ ಕುಂತ ಕೋಳಿ ಎದಿ ತುಪ್ಪಳ ಉದುರಿಸಿ, ಬರೇ ತೊಗಲಿಗೆ ತತ್ತಿ ಹತ್ತಿಸ್ಕೋತೈತಿ. ಹೂಂ, ಕುಪ್ಪಸ ಬಿಚ್ಚು!"

ಕೂಸನ್ನು ನನ್ನ ಬರಿ ಎದೆಗೆ ಹಚ್ಚಿ, ಮುಖ ಒಂದು ಕಡೆ ತಿರುಗಿಸಿ, ತಲೆಗೆ ಕುಲಾವಿ ಕಟ್ಟಿದಳು. ಮೇಲೆ ಒಂದೇ ಕೌದಿ, ಅದೂ ಸಡಿಲವಾಗಿ. "ಬಿಗೀಬ್ಯಾಡ. ತೊಯ್ದ ಕೋಳಿ ನೋಡೀಯಿಲ್ಲ? ತುಪ್ಪಳ ಮೈಗೆ ಅಂಟಿತಂದ್ರ ಗಡಗಡ ನಡಗತೈತಿ. ಉಬ್ಬಿದ್ದರ ಬೆಚ್ಚಗ."

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಗರಿಯ ಚಿತ್ರ ಬರೆಸಿದ್ದರು. ದೊಡ್ಡ ಗರಿಯ ಎಳೆಗಳು ಸಣ್ಣ ಕೊಕ್ಕೆಗಳಿಂದ ಒಂದನ್ನೊಂದು ಹಿಡಿದಿರುತ್ತವೆ. ತುಪ್ಪಳಕ್ಕೆ ಆ ಕೊಕ್ಕೆಯಿಲ್ಲ. ಎಳೆಗಳು ಬಿಡಿಬಿಡಿಯಾಗಿ ಹರಡಿ ನಡುವೆ ಗಾಳಿಯನ್ನು ನಿಲ್ಲಿಸಿಕೊಳ್ಳುತ್ತವೆ. ಮೈಯ ಶಾಖ ಹೊರಹೋಗದಂತೆ ಕಾಯುವುದು ಆ ನಿಂತ ಗಾಳಿ. ಇದನ್ನೆಲ್ಲ ಬರೆದು ಪೂರ್ತಿ ಅಂಕ ತೆಗೆದುಕೊಂಡವಳು ನಾನು. ಮಗಳ ಮೈಮೇಲೆ ಮಾತ್ರ ಕೌದಿ ಬಿಗಿದು ಆ ಗಾಳಿಯನ್ನೇ ಹಿಂಡಿ ತೆಗೆದಿದ್ದೆ.

ಆಯಿಯ ಸೆರಗಿನ ಒಂದು ತುಪ್ಪಳ ಉದುರಿ, ಕೂಸಿನ ಮೂಗಿನ ಎದುರು ನನ್ನ ಎದೆಯ ಮೇಲೆ ಕೂತಿತ್ತು. ಅದು ಅಲುಗಿತು. ನಿಂತಿತು. ನಾನೂ ಉಸಿರು ನಿಲ್ಲಿಸಿದೆ. ಮತ್ತೆ ಅಲುಗಿತು.

ಡಾಕ್ಟರು ಬರುವಷ್ಟರಲ್ಲಿ ಪಾದಕ್ಕೆ ಬಿಸಿ ಹತ್ತಿತ್ತು. "ತೆಗೀಬ್ಯಾಡ್ರಿ, ಹಿಂಗಽ ಎದಿಗೆ ಇಟ್ಕೊಂಡು ದವಾಖಾನಿಗೆ ಬರ್ರಿ" ಅಂದರು. ಅಲ್ಲಿ ಹಾಲು ಕುಡಿಯುವವರೆಗೆ ನೋಡಿ, ಸಂಜೆಗೆ ಮನೆಗೆ ಕಳಿಸಿದರು.

ಆಯಿ ತೀರಿಕೊಂಡು ಈಗ ಎಷ್ಟೋ ವರ್ಷವಾಯಿತು. ಕೂಸು ಉಳಿದ ಆ ದಿನದಿಂದ ಅತ್ತೆ ಗರಿ ಗುಡಿಸಿದರೂ ಮೂಗು ಮುರಿಯಲಿಲ್ಲ. ನನಗೋ, ಆಯಿಯ ಋಣ ನೆನೆದಾಗಲೆಲ್ಲ ಕಿವಿಗೆ ಬರುವುದು ಆ ಸಂಜೆಯ ಮಾತು. ಮಗಳು ಹಸಿದು, ಓಣಿಗೆಲ್ಲ ಕೇಳುವಂತೆ ಅಳುತ್ತಿದ್ದಳು. ಗೋಡೆಯಾಚೆಯಿಂದ ಆಯಿ ಕೂಗಿದಳು:

"ಏ ಯವ್ವಾ, ಆ ಕೂಸಿನ ಬಾಯಿ ಮುಚ್ಚಸ! ನನ್ನ ಕೋಳಿ ಕಾವು ಬಿಟ್ಟು ಎದ್ದು ನಿಂತೈತಿ."